ಸೊಂಟ ಹೋಯ್ತು ಎಂಬ ಮಾತು

“ಹಳೇ ನೋವಂತೆ, ಹೊಸ ನೋವಂತೆ. ಹಳೇ ಹೆಂಡ್ತಿ ಹೊಸ ಹೆಂಡ್ತಿ ಇದ್ದ ಹಾಗೆ ನನ್ನ ಸೊಂಟಕ್ಕೆ ಎರಡು ನೋವು ಕಟ್ಟಿದ್ದಾರೆ ನೋಡು. ಎರಡೂ ಒಂದೇ ಮನೇಲಿದಾವೆ, ಒಂದೇ ಹಾಸಿಗೇಲಿ ಮಲಗ್ತಾವೆ, ಈಗ ಚುಚ್ಚಿದ್ದು ಇವಳಾ ಅವಳಾ ಅಂತ ಕೆಲವು ಸಲ ನನಗೇ ತಿಳಿಯಲ್ಲ. ಕೋರ್ಟಿನವರಿಗೆ ತಿಳೀತಂತೆ. ನನ್ನ ಬೆನ್ನು ಒಂದು ಸಲ ಮುಟ್ಟಿ ನೋಡಿದೋರಲ್ಲ, ದೂರದಲ್ಲಿ ಕುರ್ಚಿ ಮೇಲೆ ಕೂತ್ಕೊಂಡು, ಇಷ್ಟು ವ್ಯಾನಿನವನದು, ಮಿಕ್ಕಿದ್ದೆಲ್ಲ ಇವಳದೇ ಅಂತ ಪಾಲು ಮಾಡಿಕೊಟ್ರು. ಅಣ್ಣ ತಮ್ಮಂದಿರು ಮನೆ ಪಾಲು ಮಾಡ್ಕೊಳ್ಳುವಾಗ್ಲೂ ಯಾರಾದ್ರೂ ಹಿರಿಯರು ಬಂದು ಗೋಡೆ ತಟ್ಟಿ ನೋಡಿ ಹೋಗ್ತಾರಪ್ಪ! ಸರಿ, ನನ್ನ ಸೊಂಟ ಹಳೇದೇ. ಅಂಗಡೀಲಿ ನಿನ್ನೆ ತಂದಿದ್ದಲ್ಲ. ಅದಕ್ಕೆ ನಾನೇನು ಮಾಡಬೇಕಿತ್ತು? ವ್ಯಾನು ಹಿಂದೆ ಹಿಂದೆ ಬರುವಾಗ, ಸ್ವಲ್ಪ ನಿಲ್ಲಪ್ಪಾ, ಇದು ಬಳಸಿದ ಸೊಂಟ, ಮನೆಗೆ ಹೋಗಿ ಹೊಸದು ಹಾಕ್ಕೊಂಡು ಬರ್ತೀನಿ, ಆಮೇಲೆ ಗುದ್ದುವಿಯಂತೆ ಅನ್ನಬೇಕಿತ್ತಾ?”

ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಒರಗಿ, ಒಂದು ಕೈಯನ್ನು ಸೊಂಟದ ಪಟ್ಟಿಯ ಮೇಲಿಟ್ಟುಕೊಂಡು ದೊಡ್ಡಕ್ಕ ಹೀಗೆ ಶುರುಮಾಡಿದರೆ, ಬಕೆಟ್ ಹಿಡಿದುಕೊಂಡು ಮೇಲೆ ಹೊರಟವರೂ ಅದನ್ನು ಕೆಳಗಿಟ್ಟು ನಿಲ್ಲುತ್ತಾರೆ. ನಗುತ್ತಾರೆ. ಅವಳು ನಗಿಸುವ ಹಾಗೆಯೇ ಹೇಳುತ್ತಾಳೆ, ತಾನು ಮಾತ್ರ ನಗುವುದಿಲ್ಲ. ಅಷ್ಟು ಹೊತ್ತಿಗೆ ಮೇಲಿನ ಮಹಡಿಯಲ್ಲಿ ಒಂದು ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಅದು ಅವಳ ಓರಗಿತ್ತಿಯ ಬಾಗಿಲು, ಅಂದರೆ ಮೈದುನನ ಹೆಂಡತಿಯದು. ಆ ಬಾಗಿಲಿಗೂ ದೊಡ್ಡಕ್ಕನ ಬಾಗಿಲಿಗೂ ನಡುವೆ ಒಂದು ಗೋಡೆಯಷ್ಟೇ. ಮೊದಲು ಆ ಗೋಡೆಯನ್ನು ಬಡಿದು, “ಏಳೇ, ಹೊತ್ತಾಯ್ತು” ಎಂದು ಒಬ್ಬರನ್ನೊಬ್ಬರು ಎಬ್ಬಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಕೆಲಸ ಲಾಂಡ್ರಿಯಲ್ಲಿ. ಮನೆಬಟ್ಟೆ ಒಗೆಯುವ ಸಣ್ಣ ಅಂಗಡಿಯಲ್ಲ, ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಲಾರಿಗಟ್ಟಲೆ ಬಂದು ಬೀಳುವ ದೊಡ್ಡ ಲಾಂಡ್ರಿ. ಒಳಗೆ ಕಾಲಿಟ್ಟರೆ ಮುಖಕ್ಕೆ ಹಬೆ ಹೊಡೆಯುತ್ತದೆ. ಒಂದು ಕಡೆ ಬಟ್ಟೆ ತಿರುಗಿಸುವ ದೊಡ್ಡ ಡೋಲುಗಳು, ಇನ್ನೊಂದು ಕಡೆ ಬಿಸಿ ಉರುಳೆಗಳು. ಉರುಳೆಯ ಸಂದಿನಿಂದ ಬೆಡ್‌ಶೀಟು ಬೆಚ್ಚಗೆ, ಇನ್ನೂ ಚೂರು ಹಸಿಯಾಗಿ ಹೊರಗೆ ಬರುತ್ತದೆ. ಅದನ್ನು ಮಡಚುವುದು ಹೆಂಗಸರ ಕೆಲಸ. ಮೇಜಿಗೆ ಇಬ್ಬರು. ಎದುರುಬದುರು ನಿಂತು ತಲಾ ಎರಡು ಮೂಲೆ ಹಿಡಿಯಬೇಕು, ಹಿಂದಕ್ಕೆ ಸರಿಯಬೇಕು, ಇಬ್ಬರೂ ಒಟ್ಟಿಗೆ ಜಗ್ಗಬೇಕು. ಪಟ್ ಎಂದು ಸದ್ದು ಬಂದರೆ ಸುಕ್ಕು ಬಿಟ್ಟಿತು ಎಂದರ್ಥ. ಆಮೇಲೆ ಅರ್ಧಕ್ಕೆ ಸೇರಿಸಿ, ಮುಂದೆ ನಡೆದು ಬಂದು, ಒಬ್ಬಳು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಬಗ್ಗಿ, ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿ ಹಿಡಿಯಬೇಕು. ಮತ್ತೆ ಹಿಂದಕ್ಕೆ, ಮತ್ತೆ ಜಗ್ಗು, ಮತ್ತೆ ಅರ್ಧ.

ಇದರಲ್ಲಿ ಗುಟ್ಟಿರುವುದು ಜಗ್ಗುವುದರಲ್ಲಿ. ಒಬ್ಬಳು ಮೊದಲು ಎಳೆದರೆ ಇನ್ನೊಬ್ಬಳ ಕೈಯಿಂದ ಮೂಲೆ ಜಾರಿ ಬೆಡ್‌ಶೀಟು ನೆಲ ಮುಟ್ಟುತ್ತದೆ. ನೆಲ ಮುಟ್ಟಿದ್ದು ಮತ್ತೆ ನೀರಿಗೆ. ಮೇಸ್ತ್ರಿಯ ಬೈಗುಳ ಬೇರೆ. ದೊಡ್ಡಕ್ಕನೂ ಓರಗಿತ್ತಿಯೂ ಜೊತೆಗೆ ನಿಂತ ಹೊಸದರಲ್ಲಿ ದಿನವೂ ಇದೇ ಆಗುತ್ತಿತ್ತು. ಒಂದು ದಿನ ಮಡಿಕೆ ಎತ್ತಲು ಬಗ್ಗಿ ಎದ್ದ ದೊಡ್ಡಕ್ಕ, “ಅಯ್ಯೋ, ಸೊಂಟ...” ಎಂದಳು. ಅವಳು ಮುಗಿಸುವ ಮೊದಲೇ ಓರಗಿತ್ತಿ, “ಹೋಯ್ತು!” ಎಂದಳು. ಅದೇ ಚಣಕ್ಕೆ ಇಬ್ಬರ ಕೈಯೂ ಜಗ್ಗಿತು. ಬೆಡ್‌ಶೀಟು ಗಾಜಿನ ಹಾಗೆ ನೆಟ್ಟಗೆ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಮುಂದೆ ಅದೇ ಅವರ ತಾಳವಾಯಿತು. ದೊಡ್ಡಕ್ಕ “ಸೊಂಟ” ಎನ್ನಬೇಕು, ಓರಗಿತ್ತಿ “ಹೋಯ್ತು” ಎಂದಕೂಡಲೇ ಇಬ್ಬರೂ ಜಗ್ಗಬೇಕು.

ಪಕ್ಕದ ಮೇಜಿನವರು ಕೇಳಿಸಿಕೊಂಡರು, ಅವರ ಪಕ್ಕದವರು ಕೇಳಿಸಿಕೊಂಡರು. ಕೊನೆಗೆ ಇಡೀ ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಸೊಂಟ ಹೋಗುತ್ತಲೇ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸೊಬ್ಬಳು ಮೊದಲನೇ ದಿನವೇ ಹೆದರಿ, “ಇಲ್ಲಿ ಎಲ್ಲರಿಗೂ ಒಂದೇ ಕಾಯಿಲೆಯಾ ಅಕ್ಕ?” ಎಂದು ಕೇಳಿದ್ದಳು. “ಹೂಂ, ನಿನಗೂ ಅಂಟ್ಕೊಳ್ಳತ್ತೆ, ಬಾ” ಎಂದಿದ್ದಳು ದೊಡ್ಡಕ್ಕ.

ಹಾಗಂತ ಅದು ಬರೀ ತಮಾಷೆಯಾಗಿತ್ತು ಎಂದರೆ ಸುಳ್ಳಾದೀತು. ಇಡೀ ದಿನ ಬಗ್ಗಿ ಏಳುವ ಸೊಂಟ ನೋಯದೆ ಇರುತ್ತದೆಯೇ? ಸಂಜೆಯಾದರೆ ದೊಡ್ಡಕ್ಕನ ಸೊಂಟ ಹಿಡಿದುಕೊಳ್ಳುತ್ತಿತ್ತು. ಮನೆಗೆ ಬಂದು ಬಿಸಿನೀರಿನ ಚೀಲದ ಮೇಲೆ ಸ್ವಲ್ಪ ಹೊತ್ತು ಬಿದ್ದುಕೊಂಡರೆ ಬಿಡುತ್ತಿತ್ತು. ಕೆಲವು ಸಲ ಬಿಡದೆ ಹೋದಾಗ ಓರಗಿತ್ತಿಯೇ ಎಳೆದುಕೊಂಡು ಹೋಗಿ ಬೀದಿಕೊನೆಯ ಡಾಕ್ಟರಿಗೆ ತೋರಿಸಿ, ಮುಲಾಮು ಬರೆಸಿಕೊಂಡು ಬಂದಿದ್ದಳು. ಮಾರನೇ ದಿನ ದೊಡ್ಡಕ್ಕ ಮತ್ತೆ ಮೇಜಿನ ಮುಂದೆ. ನೋವು ಎಂದು ಒಂದು ದಿನವೂ ಕೆಲಸ ತಪ್ಪಿಸಿದವಳಲ್ಲ.

ಆಮೇಲೆ ವ್ಯಾನು ಬಂತು.

ಲಾಂಡ್ರಿಯ ಹಿಂದಿನ ಓಣಿಯಲ್ಲಿ, ಕೆಲಸ ಬಿಟ್ಟು ಬರುವಾಗ. ಬೇಕರಿಗೆ ಬ್ರೆಡ್ಡು ಇಳಿಸಿ ಹೊರಟಿದ್ದ ವ್ಯಾನು ಹಿಂದೆ ನೋಡದೆ ಹಿಂದಕ್ಕೆ ಬಂತು. ದೊಡ್ಡಕ್ಕ ಓರಗಿತ್ತಿಗಿಂತ ಎರಡು ಹೆಜ್ಜೆ ಹಿಂದೆ ಇದ್ದಳು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾ. ವ್ಯಾನಿನ ಹಿಂಬಾಗಿಲು ಅವಳನ್ನು ನೂಕಿತು. ಕಾಲುದಾರಿಯ ಕಲ್ಲಿನ ಅಂಚಿಗೆ ಸೊಂಟ ಬಡಿಯಿತು. ವ್ಯಾನಿನ ಸದ್ದಿಗೆ ತಿರುಗಿದ ಓರಗಿತ್ತಿ ಅದನ್ನೆಲ್ಲ ನೋಡಿ ಹತ್ತಿರ ಬರುವಷ್ಟರಲ್ಲಿ ಡ್ರೈವರ್ ಇಳಿದು ಬಂದು, “ನೋಡಲಿಲ್ಲ ಅಕ್ಕಾ, ತಪ್ಪಾಯ್ತು, ತಪ್ಪಾಯ್ತು” ಎಂದು ಕೈ ಮುಗಿಯುತ್ತಿದ್ದ. ತಪ್ಪು ಯಾರದು ಎಂಬುದರಲ್ಲಿ ಆಗಲೂ ಜಗಳವಿರಲಿಲ್ಲ, ಆಮೇಲೂ ಇರಲಿಲ್ಲ. ಜಗಳವೆಲ್ಲ ಬಂದದ್ದು ಸೊಂಟದ ಮೇಲೆ.

ಈ ನೋವು ಆ ನೋವಾಗಿರಲಿಲ್ಲ. ಮೊದಲಿನದು ಸಂಜೆ ಬರುವ ನೆಂಟನ ಹಾಗೆ, ಬಂದು, ಕೂತು, ಬಿಸಿನೀರು ಕುಡಿದು ಎದ್ದು ಹೋಗುತ್ತಿತ್ತು. ಇದು ಎದ್ದು ಹೋಗುವ ಜಾತಿಯದಲ್ಲ. ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗೆ. ಅನ್ನಕ್ಕೆ ನೀರಿಟ್ಟು, ಅದು ಕುದಿಯುವವರೆಗೆ ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಇನ್ನೂ ಏನೇನೋ ಯಂತ್ರದೊಳಗೆ ಮಲಗಿಸಿ ನೋಡಿ, ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರದ ಮೇಲೆ ಕೂತಿದೆ ಎಂದರು. ಆಪರೇಷನ್ ಮಾಡಿದರೆ ನಿಂತು ಕೆಲಸ ಮಾಡುವ ಹಾಗಾಗಬಹುದು, ಇಲ್ಲದಿದ್ದರೆ ಪಟ್ಟಿ ಕಟ್ಟಿಕೊಂಡು ಮಾತ್ರೆ ನುಂಗಿಕೊಂಡು ಇರಬೇಕು ಎಂದರು.

ಆಪರೇಷನ್ನಿಗೆ ಆಗುವಷ್ಟು ದುಡ್ಡು ಆ ಮನೆಯಲ್ಲಿ ಎಲ್ಲಿಂದ ಬರಬೇಕು? ಅವಳ ಗಂಡ ಬೀಗ ರಿಪೇರಿಯವನು. ಬಸ್‌ಸ್ಟಾಂಡಿನ ಮೂಲೆಯಲ್ಲಿ ಒಂದು ಪೆಟ್ಟಿಗೆ, ಒಂದು ಅರ, ಕಂಬಿಗೆ ನೇತುಹಾಕಿದ ಕೀಲಿಕೈಗಳ ಗೊಂಚಲು, ಅಷ್ಟೇ ಅವನ ಆಸ್ತಿ. ವ್ಯಾನಿಗೆ ವಿಮೆ ಇತ್ತು. ವಿಮೆಯವರಿಂದ ಪರಿಹಾರ ಬಂದರೆ ಆಪರೇಷನ್, ಆಪರೇಷನ್ ಆದರೆ ಮೇಜು. ಮೇಸ್ತ್ರಿಯೂ ಒಳ್ಳೆಯ ಮಾತೇ ಆಡಿದ್ದ. “ನಿಂತ್ಕೊಳ್ಳೋ ಹಾಗಾದ್ರೆ ಬಂದ್ಬಿಡಿ ದೊಡ್ಡಕ್ಕ, ನಿಮ್ಮ ಜಾಗಕ್ಕೆ ಕಾಯಂ ಯಾರನ್ನೂ ಹಾಕಲ್ಲ.” ಕೇಸು ಹಾಕಿದ್ದು ಹೀಗೆ. ಅವಳಿಗೆ ಬೇಕಾಗಿದ್ದದ್ದು ಆ ಮೇಜು.

ವಕೀಲರ ಹತ್ತಿರ ಹೋಗುವ ಹಿಂದಿನ ದಿನ ಬೀಗದವನು ಅರ ಉಜ್ಜುತ್ತಾ ಕೂತಿದ್ದವನು ತಲೆಯೆತ್ತದೆ ಹೇಳಿದ:

“ನೋಡು, ಆ ಹಳೇ ಸೊಂಟನೋವಿನ ಸುದ್ದಿ ಮಾತ್ರ ಎತ್ತಬೇಡ.”

“ಯಾಕೆ? ಇದ್ದಿದ್ದು ಇತ್ತಲ್ಲ.”

“ಇತ್ತು ಅಂದ್ರೆ ಮುಗೀತು. ನನ್ನ ಹತ್ರ ಒಬ್ಬ ಬೀರು ಕೀಲಿ ಮಾಡಿಸ್ಕೊಂಡು ಹೋಗ್ತಾನಲ್ಲ, ಕುಂಟ್ಕೊಂಡು ಬರ್ತಾನಲ್ಲ, ಅವನಿಗೆ ಅದೇ ಆಗಿದ್ದು. ಮೊದಲೇ ಮಂಡಿ ನೋವಿತ್ತು ಅಂದನಂತೆ. ಹಾಗಾದ್ರೆ ನಿನ್ನ ಮಂಡಿ ನಿನ್ನದೇ, ಪರಿಹಾರ ಇಲ್ಲ ಅಂದ್ರಂತೆ. ಬಾಯಿಗೆ ಬೀಗ ಹಾಕ್ಕೊ.”

“ನೀನು ಮಾಡೋ ಬೀಗ ನನಗೆ ಗೊತ್ತಿಲ್ವಾ, ತಲೆಪಿನ್ನಿಗೆ ತೆಗ್ಯತ್ತೆ” ಎಂದಳು ಅವಳು. ಆದರೂ ಅವನ ಮಾತು ಮನಸ್ಸಿಗೆ ನಾಟಿತು. ಮಾರನೇ ದಿನ ವಕೀಲರು ಪೆನ್ನಿನ ಮುಚ್ಚಳ ತೆಗೆದು, “ಇದಕ್ಕೆ ಮೊದಲು ಸೊಂಟಕ್ಕೆ ಏನಾದ್ರೂ ತೊಂದರೆ ಇತ್ತಾಮ್ಮ? ಇದ್ರೆ ನನಗೆ ಹೇಳಿಬಿಡಿ, ಈಗಲೇ ಹೇಳಿಬಿಡಿ” ಎಂದು ಕೇಳಿದಾಗ ಅವಳು ಗಂಡನ ಮುಖ ನೋಡಿದಳು. ಅವನು ಕಿಟಕಿ ನೋಡುತ್ತಿದ್ದ.

“ಇಲ್ಲ” ಎಂದಳು.

“ಡಾಕ್ಟರ ಹತ್ರ?”

“ಇಲ್ಲ ಸರ್. ಕಲ್ಲಿನ ಹಾಗಿದ್ದೆ.”

ವಕೀಲರು ಕಲ್ಲಿನ ಹಾಗಿದ್ದಳು ಎಂದೇ ಬರೆದುಕೊಂಡರು.

ಕೇಸು ಎಳೆದಾಡಿತು. ಒಂದು ಸಲ ಆ ಕಡೆಯ ವಕೀಲರಿಗೆ ಜ್ವರ, ಒಂದು ಸಲ ಈ ಕಡೆಯವರಿಗೆ ಕಾಗದ ಸಿಗಲಿಲ್ಲ. ಪ್ರತಿ ಸಲವೂ ದೊಡ್ಡಕ್ಕ ಕೋರ್ಟಿನ ಬೆಂಚಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತು, ಕರೆಯದೆ ಹೋದಾಗ ಎದ್ದು ಬರುತ್ತಿದ್ದಳು. ಮನೆಯಲ್ಲಿ ಅಡುಗೆಯ ಅರ್ಧ ಓರಗಿತ್ತಿಯದೇ. ಕೆಲಸದಿಂದ ಬಂದವಳು ಚೀಲ ಇಳಿಸುವ ಮೊದಲು ಈ ಕಡೆ ಬಂದು ಒಲೆ ಹಚ್ಚುತ್ತಿದ್ದಳು. “ಹೋಗೇ, ನಿನ್ನ ಗಂಡ ಹಸ್ಕೊಂಡಿರ್ತಾನೆ” ಎಂದರೆ, “ಅವನ ಹೊಟ್ಟೆಗೆ ಗಡಿಯಾರ ಇಲ್ಲ ಬಿಡಕ್ಕ, ಕಾಯ್ತಾನೆ” ಎನ್ನುತ್ತಿದ್ದಳು. ಆಗೆಲ್ಲ ಅವರಿಬ್ಬರ ನಡುವೆ ಒಂದು ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ.

ಕೊನೆಗೂ ಸಾಕ್ಷಿಯ ದಿನ ಬಂತು. ಮೊದಲು ದೊಡ್ಡಕ್ಕನನ್ನೇ ಕರೆದರು. ಸಾಕ್ಷಿ ಹೇಳಬೇಕಾದ ಓರಗಿತ್ತಿಯನ್ನು ಹೊರಗೆ ಕೂರಿಸಿದರು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಬಾರದಂತೆ. ವಿಮೆಯವರ ವಕೀಲರು ಗಟ್ಟಿಯಾಗಿ ಮಾತಾಡುವವರಲ್ಲ. ಮದುವೆಮನೆಯಲ್ಲಿ ಊಟ ಆಯ್ತಾ ಎಂದು ಕೇಳುವವರ ಹಾಗೆ ನಗುತ್ತಾ ಕೇಳಿದರು.

“ಅಪಘಾತಕ್ಕೆ ಮೊದಲು ಯಾವತ್ತಾದ್ರೂ ಸೊಂಟ ನೋವು ಅಂದಿದ್ದೀರಾಮ್ಮ?”

“ಇಲ್ಲ.”

“ಒಂದು ದಿನಾನೂ?”

“ಇಲ್ಲ.”

“ಯಾರ ಹತ್ರಾನೂ?”

ದೊಡ್ಡಕ್ಕ “ಇಲ್ಲ” ಎಂದಳು. ಮೂರನೇ ಸಲಕ್ಕೆ ಆ ಮಾತು ತನ್ನದೇ ಅಲ್ಲವೆನ್ನಿಸಿತು. ಆಮೇಲೆ ಅವರು, “ಈಗ ನೋವು ಹೇಗಿದೆ, ಹೇಳಿ” ಎಂದರು. ಹೇಳಲು ಅವಳ ಹತ್ತಿರ ಬೇಕಾದಷ್ಟಿತ್ತು. ಆ ನೋವು ಹೀಗಿತ್ತು, ಇದು ಹೀಗಿದೆ, ಅದು ಬಿಸಿನೀರಿಗೆ ಬಗ್ಗುತ್ತಿತ್ತು, ಇದು ಯಾವುದಕ್ಕೂ ಬಗ್ಗುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಬಹುದಿತ್ತು. ಆದರೆ ಮೊದಲಿನದು ಇರಲೇ ಇಲ್ಲ ಎಂದವಳು ಎರಡಕ್ಕೂ ಇರುವ ವ್ಯತ್ಯಾಸ ಯಾವ ಬಾಯಲ್ಲಿ ಹೇಳಬೇಕು? “ತುಂಬಾ ನೋವು ಸರ್” ಎಂದಳು. ಅಷ್ಟೇ ಬಂತು.

ಆಮೇಲೆ ಓರಗಿತ್ತಿಯನ್ನು ಕರೆದರು. ಅವಳು ಇವರ ಕಡೆಯ ಸಾಕ್ಷಿಯೇ. ಅಪಘಾತ ನೋಡಿದವಳು, ಜೊತೆಗೆ ಕೆಲಸ ಮಾಡಿದವಳು. “ನಿಮ್ಮ ಅಕ್ಕ ಎಷ್ಟು ದುಡೀತಿದ್ರು ಅನ್ನೋದನ್ನ ಚೆನ್ನಾಗಿ ಹೇಳಿ” ಎಂದು ಇವರ ವಕೀಲರು ಹೇಳಿಕೊಟ್ಟಿದ್ದರು. ಅದಕ್ಕಿಂತ ಹೆಚ್ಚು ಹೇಳಿಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ. ಹೆಂಡತಿಯ ಬಾಯಿಗೆ ಬೀಗ ಹಾಕಿದ ಬೀಗದವನು ಪಕ್ಕದ ಮನೆಯ ಬಾಯಿಯನ್ನು ಮರೆತಿದ್ದ.

ಓರಗಿತ್ತಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ವ್ಯಾನು ಬಂದದ್ದು, ಅಕ್ಕ ಬಿದ್ದದ್ದು ಎಲ್ಲ ಸರಿಯಾಗಿ ಹೇಳಿದಳು. ವಿಮೆಯವರ ವಕೀಲರು ಎದ್ದು, ತಲೆದೂಗಿ, “ಪಾಪ, ಬಹಳ ಕಷ್ಟದ ಕೆಲಸ ಅಲ್ವಾ ಅದು?” ಎಂದರು.

“ಕಷ್ಟ ಅಂದ್ರೆ ಏನು ಸ್ವಾಮಿ! ಗಂಡಸರ ಕೈಲಾಗಲ್ಲ. ನಮ್ಮಕ್ಕನಷ್ಟು ಮಡಚೋರು ಇಡೀ ಲಾಂಡ್ರೀಲಿ ಯಾರೂ ಇಲ್ಲ.”

“ಅಷ್ಟೊಂದು ಮಾಡಿದ್ರೆ ಸುಸ್ತೇ ಆಗ್ತಿರಲಿಲ್ವಾ ಅವರಿಗೆ?”

ಓರಗಿತ್ತಿಗೆ ಅಕ್ಕನನ್ನು ಹೊಗಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವ ಹಾಗಿರಲಿಲ್ಲ. “ಆಗದೆ ಏನು? ಆದ್ರೂ ಬಿಡ್ತಿರಲಿಲ್ಲ! ‘ಸೊಂಟ ಹೋಯ್ತು, ಸೊಂಟ ಹೋಯ್ತು’ ಅಂತಾನೇ ಸಂಜೆವರೆಗೂ ಜಗ್ಗಿದೋರು ನಮ್ಮಕ್ಕ.”

ದೊಡ್ಡಕ್ಕ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡಳು.

“ಸೊಂಟ ಹೋಯ್ತು ಅಂತಿದ್ರಾ?”

“ಹೂಂ ಮತ್ತೆ.”

“ದಿನಾ?”

“ದಿನಾ. ಒಂದೊಂದು ಬೆಡ್‌ಶೀಟಿಗೂ ಅಂತಿದ್ರು.”

ಬೆರಳಚ್ಚಿನವನು ಟಕಟಕ ಎಂದು ಹೊಡೆದುಕೊಂಡ. ವಿಮೆಯವರ ವಕೀಲರು ಅವನು ಮುಗಿಸುವವರೆಗೂ ತಾಳ್ಮೆಯಿಂದ ಕಾದರು. ಇವರ ವಕೀಲರ ಮುಖ ನೋಡಿ ಓರಗಿತ್ತಿಗೆ ಏನೋ ಎಡವಟ್ಟಾಯಿತು ಎನ್ನಿಸಿತು. ಸರಿಮಾಡಲು ಹೋದಳು.

“ಅಯ್ಯೋ, ಹಾಗಲ್ಲ ಸ್ವಾಮಿ, ಅದು ನೋವಿಗಲ್ಲ. ಜಗ್ಗೋಕೆ ಹೇಳೋ ಮಾತು ಅದು. ಅಕ್ಕ ಸೊಂಟ ಅನ್ನಬೇಕು, ನಾನು ಹೋಯ್ತು ಅನ್ನಬೇಕು. ನಾನೂ ಅಂತಿದ್ದೆ, ಎಲ್ಲರೂ ಅಂತಾರೆ...”

“ಅಂದ್ರೆ, ಇವರ ಸೊಂಟ ಹೋಗಿದೆ ಅಂತ ನೀವೂ ಒಪ್ಕೊಂಡು ಹೇಳ್ತಿದ್ರಿ.”

ಕೋರ್ಟಿನಲ್ಲಿ ಕೂತವರು ನಕ್ಕರು. ನ್ಯಾಯಾಧೀಶರ ತುಟಿಯೂ ಚೂರು ಅಲುಗಿತು. ಓರಗಿತ್ತಿ ಬೆವರೊರೆಸಿಕೊಂಡಳು.

“ಇಷ್ಟು ನೋವಿದ್ರೂ ಯಾರೂ ಡಾಕ್ಟರಿಗೆ ತೋರಿಸಲಿಲ್ವಾ? ಅನ್ಯಾಯ ಅಲ್ವಾ ಅದು?” ಎಂದರು ವಕೀಲರು, ಮರುಕದಿಂದ.

ಅಕ್ಕನನ್ನು ನೋಡಿಕೊಳ್ಳಲಿಲ್ಲ ಎಂಬ ಮಾತನ್ನು ಓರಗಿತ್ತಿ ಹೇಗೆ ತಡೆದುಕೊಂಡಾಳು? “ಯಾಕೆ ತೋರಿಸಲಿಲ್ಲ? ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗಿದ್ದೀನಿ. ಬೀದಿಕೊನೆ ಡಾಕ್ಟರನ್ನ ಕೇಳಿ ಬೇಕಾದ್ರೆ.”

ಮುಂದಿನ ಸಲ ಅವರು ಕೇಳಿಯೇ ಬಿಟ್ಟರು. ಬೀದಿಕೊನೆಯ ಡಾಕ್ಟರು ಬಂದು, ಹೌದು, ಸೊಂಟನೋವಿಗೆ ತಾವು ಆಗಾಗ ಮುಲಾಮು ಕೊಟ್ಟಿದ್ದು ನಿಜ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಿಮೆಯವರು ತಂದ ಇನ್ನೊಬ್ಬ ಡಾಕ್ಟರು ಎಕ್ಸ್‌ರೇ ನೋಡಿ, ವಯಸ್ಸು, ಸವೆತ, ಇಂಥ ಕೆಲಸ ಮಾಡುವವರಿಗೆ ಇದು ಸಹಜ ಎಂದರು. ಅದರಲ್ಲೂ ಪೂರಾ ಸುಳ್ಳಿರಲಿಲ್ಲ. ಪೂರಾ ಸುಳ್ಳು ಹೇಳಿದವಳು ಆ ಕೋರ್ಟಿನಲ್ಲಿ ಒಬ್ಬಳೇ. ಪೆಟ್ಟು ತಿಂದವಳೂ ಅವಳೇ.

ಓರಗಿತ್ತಿ ಸಾಕ್ಷಿ ಹೇಳಿದ ದಿನವೇ, ಕೋರ್ಟಿನ ಮೆಟ್ಟಿಲಿಳಿಯುವಾಗ ಇವರ ವಕೀಲರು ಕೋಪವನ್ನು ಹಲ್ಲಿನ ಹಿಂದೆ ಇಟ್ಟುಕೊಂಡು ಹೇಳಿದರು: “ಹಳೇ ನೋವಿದ್ರೆ ಪರಿಹಾರ ಇಲ್ಲ ಅಂತ ನಿಮಗೆ ಯಾರಮ್ಮ ಹೇಳಿದ್ದು? ಇತ್ತು ಅಂತ ಮೊದಲೇ ಅಂದಿದ್ರೆ, ಅದನ್ನ ಇಟ್ಕೊಂಡೇ ಇವರು ಒಂದು ದಿನ ಬಿಡದೆ ದುಡೀತಿದ್ರು, ವ್ಯಾನು ಗುದ್ದಿದ ಮೇಲೆ ಒಂದು ದಿನಾನೂ ಆಗಲಿಲ್ಲ, ಇದ್ದದ್ದನ್ನ ಹಾಳು ಮಾಡಿದ್ದು ಆ ಪೆಟ್ಟೇ ಅಂತ ನಾನು ತೋರಿಸ್ತಿದ್ದೆ. ಅದಕ್ಕೂ ಕೊಡ್ತಾರೆ. ಬಲವಾದ ಕೇಸದು. ನೀವು ಇರಲೇ ಇಲ್ಲ ಅಂದ್ಬಿಟ್ರಿ. ಈಗ ನೀವು ನಿಜ ಹೇಳಿದ್ದನ್ನೂ ಅವರು ನಂಬಲ್ಲ.”

ಬೀಗದವನು ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದ. ದೊಡ್ಡಕ್ಕನಿಗೆ ಅವನ ಮೇಲೆ ಹರಿಹಾಯಬೇಕಿತ್ತು. ಅಥವಾ ತನ್ನ ಮೇಲೆ. ಆದರೆ ಎದುರಿಗೆ ಸಿಕ್ಕಿದ್ದು, ಅಳುತ್ತಾ ಹಿಂದೆ ಇಳಿದು ಬರುತ್ತಿದ್ದ ಓರಗಿತ್ತಿ.

“ಅಕ್ಕಾ, ನಾನು ಒಳ್ಳೇದಕ್ಕೇ...”

“ಹೌದೇ, ನೀನು ಒಳ್ಳೇದಕ್ಕೇ ಹೇಳ್ದೆ. ವ್ಯಾನಿನವನಾದ್ರೂ ಒಂದೇ ಸಲ ಗುದ್ದಿದ. ನೀನು ಒಳ್ಳೇ ಸೀರೆ ಉಟ್ಕೊಂಡು ಬಂದು ಗುದ್ದಿದೆ.”

“ನೀನು ಇಲ್ಲ ಅಂದಿದ್ದೀಯ ಅಂತ ನನಗೆ ಯಾರು ಹೇಳಿದ್ರಕ್ಕ? ನನ್ನನ್ನ ಹೊರಗೆ ಕೂರಿಸಿದ್ರಲ್ಲ! ಒಂದು ಮಾತು, ಒಂದೇ ಒಂದು ಮಾತು ಗೋಡೆ ಬಡಿದು ಹೇಳಿದ್ರೆ...”

“ನನ್ನ ಮುಂದೆ ಬರಬೇಡ.”

ಅವಳು ಬರಲಿಲ್ಲ. ಒಲೆ ಹಚ್ಚಲೂ ಬರಲಿಲ್ಲ.

ತೀರ್ಪು ಬಂತು. ತಪ್ಪು ವ್ಯಾನಿನವನದೇ, ಪೆಟ್ಟಾದದ್ದೂ ನಿಜ. ಆದರೆ ಸೊಂಟ ಮೊದಲೇ ಕೆಟ್ಟಿತ್ತು, ಅದನ್ನು ಮುಚ್ಚಿಟ್ಟಿದ್ದಾಳೆ, ಈಗಿನ ನೋವಿನಲ್ಲಿ ಹೆಚ್ಚು ಪಾಲು ಹಳೆಯದೇ ಎಂದಿತ್ತು. ವಕೀಲರು ಓದಿ ಹೇಳುವಾಗ ದೊಡ್ಡಕ್ಕನ ಕಣ್ಣ ಮುಂದೆ ಬಂದದ್ದು ಬೆಡ್‌ಶೀಟು. ಕೇಳಿದ ಪರಿಹಾರವನ್ನು ಅರ್ಧಕ್ಕೆ ಮಡಚಿದರು. ವಯಸ್ಸಿಗೆಂದು ಮತ್ತೆ ಅರ್ಧ. ಸುಳ್ಳಿಗೆಂದು ಮತ್ತೆ ಅರ್ಧ. ಕೊನೆಗೆ ಅವಳ ಕೈಗೆ ಬಂದದ್ದು ಕರವಸ್ತ್ರದಷ್ಟು. ಆಸ್ಪತ್ರೆಯ ಹಳೇ ಬಾಕಿ, ಮಾತ್ರೆ, ಸೊಂಟಕ್ಕೊಂದು ಪಟ್ಟಿ, ಇಷ್ಟಕ್ಕೇ ಮುಗಿಯಿತು. ಆಪರೇಷನ್ ಎನ್ನುವ ಮಾತನ್ನು ಮನೆಯಲ್ಲಿ ಆಮೇಲೆ ಯಾರೂ ಆಡಲಿಲ್ಲ. ಮೇಲಿನ ಕೋರ್ಟಿಗೆ ಹೋಗಬಹುದು ಎಂದರು ವಕೀಲರು, ಹೋಗಿ ಎನ್ನಲಿಲ್ಲ. ಮೇಸ್ತ್ರಿ ಸ್ವಲ್ಪ ದಿನ ಕಾದು, ಓರಗಿತ್ತಿಯ ಎದುರಿಗೆ ಬೇರೊಬ್ಬಳನ್ನು ನಿಲ್ಲಿಸಿದ.

“ಒಂದು ಮಾತಿಗೆ ಹೀಗಾಯ್ತಲ್ಲೇ” ಎಂದ ಬೀಗದವನು ಒಂದು ದಿನ, ಊಟಕ್ಕೆ ಕೂತಾಗ.

“ಯಾರ ಮಾತಿಗೆ?” ಎಂದಳು ದೊಡ್ಡಕ್ಕ.

ಅವನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಅವಳೂ ಮುಂದಕ್ಕೆ ಕೇಳಲಿಲ್ಲ. ಗಂಡನನ್ನು ಕೇಳಿದರೆ ತನ್ನನ್ನೂ ಕೇಳಿಕೊಳ್ಳಬೇಕಾಗುತ್ತದೆ. ಅದಕ್ಕಿಂತ ಗೋಡೆಯಾಚೆಯವಳ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಸುಲಭ. ಮೆಟ್ಟಿಲಿನ ತಿರುವಿನಲ್ಲಿ ಅವಳು ಎಷ್ಟು ಹೇಳಿದರೂ, ಎಷ್ಟು ನಗಿಸಿದರೂ, ಆ ಮೂರು ‘ಇಲ್ಲ’ಗಳ ಸುದ್ದಿ ಮಾತ್ರ ಅದರಲ್ಲಿ ಬರುವುದಿಲ್ಲ.

ಮನೆಯ ಬೆಡ್‌ಶೀಟು ಒಗೆಯುವುದು ಈಗ ಬೀಗದವನು, ತಾರಸಿಯ ಹಗ್ಗಕ್ಕೆ ಹಾಕುವುದೂ ಅವನೇ. ಮಡಚಲು ಮಾತ್ರ ಅವನನ್ನು ಹತ್ತಿರಕ್ಕೆ ಬಿಡಳು. ಅವನು ಮಡಚಿದರೆ ಮೂಲೆಗೆ ಮೂಲೆ ಕೂಡುವುದಿಲ್ಲ, ನೋಡಿದರೆ ಅವಳಿಗೆ ಮೈ ಉರಿಯುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ತಾನೇ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ಬೆಡ್‌ಶೀಟಿನ ಎರಡು ಮೂಲೆಗಳನ್ನು ತಾರಸಿಯ ಬಾಗಿಲಿನ ಚಿಲಕಕ್ಕೆ ಸಿಕ್ಕಿಸಿ, ಇನ್ನೆರಡನ್ನು ಹಿಡಿದು ಹಿಂದಕ್ಕೆ ಸರಿದು ಜಗ್ಗುತ್ತಾಳೆ. ಚಿಲಕ ಹಿಡಿದುಕೊಂಡಿರುತ್ತದೆ, ತಿರುಗಿ ಜಗ್ಗುವುದಿಲ್ಲ. ಪಟ್ ಎನ್ನುವ ಸದ್ದು ಬರುವುದಿಲ್ಲ.

ಆ ದಿನವೂ ಹಾಗೆಯೇ ಜಗ್ಗುತ್ತಿದ್ದಳು. ಲಾಂಡ್ರಿಗೆ ರಜೆ. ಓರಗಿತ್ತಿ ಹಸಿಬಟ್ಟೆಯ ಬಕೆಟ್ ಹಿಡಿದುಕೊಂಡು ಮೇಲೆ ಬಂದವಳು, ದಾರಿಗೆ ಅಡ್ಡವಾಗಿ ಕಟ್ಟಿದ್ದ ಬೆಡ್‌ಶೀಟಿನ ಆಚೆ ನಿಂತಳು. ತಾರಸಿಗೆ ಬರಬೇಕೆಂದರೆ ಅದನ್ನು ಬಿಚ್ಚಬೇಕು. ಬಕೆಟ್ ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡು, ಚಿಲಕದಿಂದ ಎರಡೂ ಮೂಲೆ ಬಿಡಿಸಿ ತನ್ನ ಕೈಗೆ ತೆಗೆದುಕೊಂಡಳು.

ದೊಡ್ಡಕ್ಕ ತನ್ನ ಮೂಲೆಗಳನ್ನು ಬಿಡಲಿಲ್ಲ. ಇಬ್ಬರೂ ಹಿಂದಕ್ಕೆ ಸರಿದರು. ಬೆಡ್‌ಶೀಟು ನಡುವೆ ಎದ್ದು ನಿಂತಿತು.

“ಒಂದು, ಎರಡು” ಎಂದಳು ಓರಗಿತ್ತಿ.

ದೊಡ್ಡಕ್ಕನ ಕೈ ಜಗ್ಗಲಿಲ್ಲ. ಅವಳ ಕಡೆಯ ಮೂಲೆಯೊಂದು ಜಾರಿ ತಾರಸಿಯ ನೆಲಕ್ಕೆ ಬಿತ್ತು.

“ಅದೇನೇ ಅದು, ಒಂದು ಎರಡು? ಇಸ್ಕೂಲಿಗೆ ಸೇರ್ಕೊಂಡ್ಯಾ?”

ಎಷ್ಟೋ ತಿಂಗಳ ನಂತರ ಓರಗಿತ್ತಿಯೊಂದಿಗೆ ಆಡಿದ ಮೊದಲ ಮಾತು ಅದು.

“ಈಗ ಹಾಗೇ ಹೇಳಬೇಕಂತೆ” ಎಂದಳು ಓರಗಿತ್ತಿ, ನೆಲ ನೋಡುತ್ತಾ. “ಮೊದಲಿನ ಮಾತು ಯಾರೂ ಆಡಬಾರದು ಅಂತ ಮಾಲೀಕರು ಹೇಳಿಕಳಿಸಿದ್ರು. ನಿನ್ನ ಕೇಸಿನ ಸುದ್ದಿ ಅವರ ಕಿವಿಗೆ ಬಿದ್ದಿದೆ. ನಾಳೆ ಯಾರಾದ್ರೂ ಲಾಂಡ್ರಿ ಮೇಲೇ ಕೇಸು ಹಾಕಿದ್ರೆ ಅಂತ. ಆ ಮಾತು ಆಡಿದ್ರೆ ಕೆಲಸದಿಂದ ತೆಗೀತಾರಂತೆ. ಅದಕ್ಕೇ ಒಂದು ಎರಡು.”

“ಎಲ್ಲರೂ?”

“ಇಡೀ ಲಾಂಡ್ರಿ.”

ದೊಡ್ಡಕ್ಕ ಬಿದ್ದ ಮೂಲೆಯ ಕಡೆ ನೋಡಿದಳು. ಬಗ್ಗಲಾರಳು. ಓರಗಿತ್ತಿ ಬಂದು ಅದನ್ನು ಎತ್ತಿ, ಧೂಳು ಕೊಡವಿ ಅವಳ ಕೈಗಿಟ್ಟಳು.

“ಹಾಗಾದ್ರೆ ಈಗ ಯಾರ ಸೊಂಟಾನೂ ನೋಯಲ್ವೇನೋ ಅಲ್ಲಿ” ಎಂದಳು ದೊಡ್ಡಕ್ಕ.

“ನೋಯತ್ತಕ್ಕ. ನನಗೇ ನೋಯತ್ತೆ. ಎದುರಿಗೆ ಬಂದಿರೋಳು ಬಗ್ಗೋದೇ ಇಲ್ಲ, ಎಲ್ಲ ನಾನೇ ಬಗ್ಗಬೇಕು.”

“ಡಾಕ್ಟರಿಗೆ ತೋರಿಸಿದ್ಯಾ?”

“ಇಲ್ಲ” ಎಂದಳು ಓರಗಿತ್ತಿ. “ನನ್ನ ಗಂಡ ಬೇಡ ಅಂದ. ಮುಂದೆ ಏನಾದ್ರೂ ಆದ್ರೆ ತೊಂದರೆ ಅಂತ.”

ದೊಡ್ಡಕ್ಕನಿಗೆ ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂದಿತ್ತು. ಹೋಗಿ ತೋರಿಸು, ಹೆದರಬೇಡ, ಇತ್ತು ಎನ್ನುವುದರಲ್ಲಿ ತಪ್ಪಿಲ್ಲ, ತಪ್ಪು ಮಾಡಿದವಳು ನಾನು ಎನ್ನಬೇಕಿತ್ತು. ಕೊನೆಯ ಆ ಒಂದು ಮಾತನ್ನು ಆಡಲಾರದೆ ಮಿಕ್ಕವನ್ನೂ ಬಿಟ್ಟಳು. ಮೂಲೆಗಳನ್ನು ಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿದುಕೊಂಡಳು.

“ಹೂಂ, ಹೇಳು ನಿನ್ನ ಒಂದು ಎರಡು.”

“ಒಂದು, ಎರಡು.”

ಜಗ್ಗಿದರು. ಒಂದು ಕೂದಲಷ್ಟು ಹಿಂದೆ ಮುಂದಾಯಿತು. ಸದ್ದು ಬಂತು, ಆದರೆ ಮಂಕಾಗಿ. ಅರ್ಧಕ್ಕೆ ಸೇರಿಸಿದರು. ಓರಗಿತ್ತಿ ನಡೆದು ಬಂದು ತನ್ನ ಮೂಲೆಗಳನ್ನು ದೊಡ್ಡಕ್ಕನ ಕೈಗೆ ಕೊಟ್ಟಳು, ಬಗ್ಗಿದಳು, ಏಳುವಾಗ ಒಂದು ಕೈ ಸೊಂಟಕ್ಕೆ ಹೋಯಿತು, ಬಾಯಿಂದ ಸದ್ದು ಬರಲಿಲ್ಲ. ಮಡಿಕೆ ಹಿಡಿದು ಹಿಂದಕ್ಕೆ ಸರಿದಳು. ಮತ್ತೆ ಜಗ್ಗು, ಮತ್ತೆ ಅರ್ಧ. ಮಡಚಿದ್ದನ್ನು ತಾರಸಿಯ ಕಟ್ಟೆಯ ಮೇಲಿಟ್ಟು ದೊಡ್ಡಕ್ಕ ಅಂಗೈಯಿಂದ ಒಮ್ಮೆ ನೇವರಿಸಿದಳು. ಮೂಲೆಗೆ ಮೂಲೆ ಕೂಡಿತ್ತು.

“ಇನ್ನೊಂದಿದೆ” ಎಂದಳು, ಹಗ್ಗದ ಕಡೆ ಗಲ್ಲ ತೋರಿಸಿ. “ಬಿಸಿಲು ಹೋಗೋದ್ರೊಳಗೆ ಅದನ್ನೂ ತಾ.”

ಓರಗಿತ್ತಿ ಹಗ್ಗದಿಂದ ಇನ್ನೊಂದನ್ನು ಎಳೆದುಕೊಂಡು ಬಂದಳು.